ಹ್ಯಾಂಡಲ್ ಯಾಕ ಹೊಡ್ಕೋತದ? ಗಡಿಭಾಗದ ಹಳೆಯ ಮೋಟಾರ್‌ಸೈಕಲ್‌ಗಳ ಮುಂದಿನ ಶಾಕಪ್ ಮತ್ತು ಸ್ಟಿಯರಿಂಗ್ ಸುಧಾರಣೆ

(ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹಳ ತಿದ್ದಿಲ್ಲ.)

ನನ್ನ ಪರದೆ ನಿಮಗೆ ಕಾಣ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಗುರುಗಳು ಕಳೆದ ವಾರ ಕೇಳಿದ್ದರು: "ಹಳೇ ಗಾಡಿ ಚಂದ ಮಾಡೋದು ಹವ್ಯಾಸ, ಇದರಲ್ಲಿ ಸಂಶೋಧನೆ ಏನಿದೆ?" ಬೆಂಗಳೂರು, ಪುಣೆಗಳಲ್ಲಿ ಇದು ಹವ್ಯಾಸವೇ ಇರಬಹುದು. ನಾನು ಮಾತಾಡ್ತಿರೋದು ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಹಳ್ಳಿಗಳ ಬಗ್ಗೆ. ಅಲ್ಲಿ ಮೂವತ್ತು ನಲವತ್ತು ವರ್ಷದ ಬುಲೆಟ್ಟು, ಯೆಜ್ದಿ, ರಾಜ್‌ದೂತ್ ಇವತ್ತಿಗೂ ಹಾಲಿನ ಕ್ಯಾನು ಹೊರ್ತವೆ, ತೊಗರಿ ಚೀಲ ಹೊರ್ತವೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಸವಕಲ್ಯಾಣಕ್ಕೋ ಭಾಲ್ಕಿಗೋ ಮದುವೆಗೆ ಹೋಗ್ತವೆ. ಅಂಥ ಗಾಡಿಯ ಮುಂಭಾಗವನ್ನು "ಅಪ್‌ಗ್ರೇಡ್" ಮಾಡೋದು ಅಂದರೆ ಏನು, ಯಾವ ಬದಲಾವಣೆ ಗಾಡಿಯನ್ನು ನಿಜಕ್ಕೂ ಸುಧಾರಿಸುತ್ತೆ, ಯಾವುದು ಸವಾರನನ್ನೇ ಕೆಡವುತ್ತೆ ಅನ್ನೋದು ನನ್ನ ಪ್ರಶ್ನೆ.

ಮೊದಲು ಆ ನೆಲದ ಬಗ್ಗೆ ಎರಡು ಮಾತು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಿಲಂಗಾ, ಉದಗೀರ ಎರಡೂ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯ ತಾಲೂಕುಗಳು. ಆಮೇಲೆ ಮುಂಬಯಿ ರಾಜ್ಯಕ್ಕೆ ಹೋದವು, 1982ರಿಂದ ಲಾತೂರು ಜಿಲ್ಲೆಯಲ್ಲಿವೆ. ಉಮರ್ಗಾ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ, ಸೋಲಾಪುರ ಹೈದರಾಬಾದ್ ಹೆದ್ದಾರಿಯ ಮೇಲಿದೆ. ಗ್ಯಾರೇಜಿನಲ್ಲಿ ಕೂತರೆ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಕೇಳುತ್ತವೆ. ನಾವು ಪಠ್ಯದಲ್ಲಿ ಓದುವ ಒಂದು ಪದವೂ ಅಲ್ಲಿ ಓಡೋದಿಲ್ಲ. ಸ್ಟಿಯರಿಂಗ್ ಹೆಡ್ ಬೇರಿಂಗಿಗೆ ಅಲ್ಲಿ "ಕೋನ್‌ಸೆಟ್". ಮುಂದಿನ ಫೋರ್ಕಿಗೆ "ಮುಂದಿನ ಶಾಕಪ್". ಫೋರ್ಕಿನ ಎರಡು ಕಾಲನ್ನು ಹಿಡಿಯುವ ತುಂಡಿಗೆ "ಟೀ". ಹಿಂದಿನ ಸ್ವಿಂಗ್ ಆರ್ಮಿಗೆ "ಚಿಮಟಾ". ಈ ಮಂಡನೆಯಲ್ಲಿ ನಾನೂ ಅದೇ ಪದಗಳನ್ನು ಬಳಸ್ತೇನೆ. ಮಿಸ್ತ್ರಿಯ ಹತ್ತಿರ ಕೂತು ಮಾತಾಡಬೇಕು ಅಂದರೆ ನಾವೇ ಅವರ ಪದ ಕಲೀಬೇಕು.

ಗಾಡಿಗಳ ಹುಟ್ಟಿನ ಬಗ್ಗೆಯೂ ಚೂರು ಹೇಳಬೇಕು, ಯಾಕಂದರೆ ಸಮಸ್ಯೆಯ ಬೇರು ಅಲ್ಲಿದೆ. ಎಣ್ಣೆ ತುಂಬಿ ಕುಲುಕಾಟ ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಗಾಡಿಗೆ ಮೊದಲು ಹಾಕಿದ್ದು ಬಿಎಂಡಬ್ಲ್ಯು, 1935ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಎಲ್ಲರದ್ದಾಯಿತು. ನಮ್ಮ ದೇಶಕ್ಕೆ ಬಂದ ಬುಲೆಟ್ಟಿನ ವಿನ್ಯಾಸ ಆ ಯುದ್ಧಾನಂತರದ ಕಾಲದ್ದು. 1955ರಲ್ಲಿ ಮದ್ರಾಸಿನಲ್ಲಿ ಅದನ್ನು ಜೋಡಿಸಲು ಶುರು ಮಾಡಿದರು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಝೆಕ್ ಜಾವಾ 250ನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ದಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಮೂಲ ಬಿಡಿಭಾಗ ನಿಂತು ಮೂವತ್ತು ವರ್ಷದ ಹತ್ತಿರ ಬಂತು. ಇವತ್ತು ಸಿಗುವ ಫೋರ್ಕ್ ಪೈಪು, ಬುಶ್ಶು, ಸ್ಪ್ರಿಂಗು ಬಹುಪಾಲು ಯಾರೋ ಎಲ್ಲೋ ಲೇತ್ ಮೇಲೆ ಮಾಡಿದ್ದು. ಒಂದರ ಅಳತೆ ಇನ್ನೊಂದಕ್ಕೆ ಕೂಡೋದಿಲ್ಲ. ಎಸ್ಕಾರ್ಟ್ಸ್ 1983ರಲ್ಲಿ ತಂದ ರಾಜ್‌ದೂತ್ 350ರ ಕಥೆ ಬೇರೆ. ಜಪಾನಿನ ಮೂಲ ಗಾಡಿಗೆ ಮುಂದೆ ಡಿಸ್ಕ್ ಇತ್ತು, ಇಲ್ಲಿನದಕ್ಕೆ ಡ್ರಮ್ ಕೊಟ್ಟರು. ಎಂಜಿನ್ ಓಡೋದು ಒಂದು ಕಾಲದ್ದು, ನಿಲ್ಲೋದು ಅದಕ್ಕೂ ಹಿಂದಿನ ಕಾಲದ್ದು. ಡಿಸ್ಕ್ ಹಾಕಿಸುವ ಚಟ ಅಲ್ಲಿಂದಲೇ ಹಬ್ಬಿತು ಅಂತ ನನಗನ್ನಿಸುತ್ತೆ.

ಟ್ರೇಲ್ ಅಂದರೇನು

ಗಾಡಿ ತಾನೇ ನೇರ ಹೋಗೋದು ಯಾಕೆ? ಆಸ್ಪತ್ರೆಯ ಸ್ಟ್ರೆಚರ್ ಗಾಲಿಯನ್ನು ನೆನಪಿಸಿಕೊಳ್ಳಿ. ಅದರ ತಿರುಗುವ ಮೊಳೆ ಮುಂದಿರುತ್ತೆ, ಗಾಲಿ ನೆಲ ಮುಟ್ಟುವ ಜಾಗ ಹಿಂದಿರುತ್ತೆ. ಎಳೆದ ಕಡೆ ಗಾಲಿ ತಾನೇ ಹಿಂಬಾಲಿಸಿ ಬರುತ್ತೆ. ಮೋಟಾರ್‌ಸೈಕಲ್ಲಿನಲ್ಲೂ ಅಷ್ಟೇ. ಚಾಸಿಯ ಕೊರಳಿನ ನಡುಗೆರೆಯನ್ನು ಹಾಗೇ ಓರೆಯಾಗಿ ನೆಲದವರೆಗೆ ಎಳೀರಿ. ಅದು ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಸ್ವಲ್ಪ ಹಿಂದಿರುತ್ತೆ. ಆ ಅಂತರವೇ ಟ್ರೇಲ್. ಕೊರಳಿನ ಓರೆಗೆ ರೇಕ್ ಅಂತಾರೆ. ಟೀ ಮತ್ತು ಎಕ್ಸೆಲ್ ಹಿಡಿಕೆ ಸೇರಿ, ಕೊರಳಿನ ಗೆರೆಯಿಂದ ಎಕ್ಸೆಲ್ಲನ್ನು ಎಷ್ಟು ಮುಂದಕ್ಕೆ ತಳ್ಳಿವೆ ಅನ್ನೋದು ಆಫ್‌ಸೆಟ್.

ಲೆಕ್ಕ ಕಷ್ಟದ್ದಲ್ಲ. ಟೈರಿನ ತ್ರಿಜ್ಯವನ್ನು ರೇಕ್‌ನ ಟ್ಯಾನ್‌ನಿಂದ ಗುಣಿಸಿ, ಅದರಿಂದ ಆಫ್‌ಸೆಟ್ಟನ್ನು ರೇಕ್‌ನ ಕಾಸ್‌ನಿಂದ ಭಾಗಿಸಿದ್ದನ್ನು ಕಳೀರಿ. ಉದಾಹರಣೆಗೆ 3.25-19 ಟೈರು, ತ್ರಿಜ್ಯ ಸುಮಾರು 324 ಮಿ.ಮೀ. ರೇಕ್ 27 ಡಿಗ್ರಿ, ಆಫ್‌ಸೆಟ್ 60 ಮಿ.ಮೀ. ಅಂತ ಇಟ್ಟುಕೊಳ್ಳಿ. ಟ್ರೇಲ್ 98 ಮಿ.ಮೀ. ಬರುತ್ತೆ. ಇವು ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಆರಿಸಿದ ಅಂಕಿಗಳು, ಯಾವ ಕಂಪನಿಯ ಪುಸ್ತಕದ್ದೂ ಅಲ್ಲ. ಆದರೆ ಆ ಕಾಲದ ಗಾಡಿಗಳ ಆಸುಪಾಸಿನವೇ. ಈ 98ನ್ನು ನೆನಪಿಡಿ, ಮತ್ತೆ ಬರ್ತೇನೆ.

ಭಾರದ ವಿಷಯ. 40 ಲೀಟರಿನ ಎರಡು ಹಾಲಿನ ಕ್ಯಾನು ತುಂಬಿದರೆ ಕ್ಯಾನಿನ ತೂಕ ಸೇರಿ 90 ಕೆ.ಜಿ. ದಾಟುತ್ತೆ. ಅವುಗಳ ನಡುಬಿಂದು ಹಿಂದಿನ ಎಕ್ಸೆಲ್ಲಿಗಿಂತ ಒಂದು ಗೇಣಿಗೂ ಕಡಿಮೆ, 15 ಸೆಂ.ಮೀ. ಹಿಂದಿದೆ ಅನ್ನಿ. ಗಾಲಿಗಳ ನಡುವಿನ ಅಂತರ 1,370 ಮಿ.ಮೀ. ಇದ್ದರೆ ಮುಂದಿನ ಗಾಲಿಯ ಮೇಲಿನ ಭಾರ ಸುಮಾರು 10 ಕೆ.ಜಿ. ಇಳಿಯುತ್ತೆ. ಹಿಂದಿನ ಶಾಕಪ್ ಕುಸಿದು ರೇಕ್ ಹೆಚ್ಚುತ್ತೆ, ಟ್ರೇಲೂ ಹೆಚ್ಚುತ್ತೆ, ಆದರೆ ನೆಲವನ್ನು ಒತ್ತಿ ಹಿಡಿಯೋಕೆ ಮುಂದಿನ ಗಾಲಿಗೆ ತೂಕವೇ ಇಲ್ಲ. "ಮುಂದ ಹಗುರಾಗ್ತದ್ರೀ, ಹ್ಯಾಂಡಲ್ ಹೊಡ್ಕೋತದ" ಅಂತ ಹಾಲಿನವರು ಹೇಳೋದು ಇದನ್ನೇ. ಇದಕ್ಕೆ ಮುಂದಿನ ಫೋರ್ಕ್ ಬದಲಿಸಿ ಪ್ರಯೋಜನವಿಲ್ಲ. ಕ್ಯಾನು ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಒಂದು ಗೇಣು ಮುಂದೆ ಬೆಸೆದರೆ ಅರ್ಧ ರೋಗ ಹೋಗುತ್ತೆ. ಉಳಿದರ್ಧಕ್ಕೆ ಚಿಮಟಾ ಬುಶ್ಶನ್ನು ಅಲ್ಲಾಡಿಸಿ ನೋಡಬೇಕು. ಹಿಂದಿನ ಸಡಿಲು ಮುಂದೆ ಕಾಣಿಸಿಕೊಳ್ಳೋದು ತೀರಾ ಸಾಮಾನ್ಯ.

ಕೋನ್‌ಸೆಟ್

ನನ್ನ ಪ್ರಕಾರ ಹಳೆಯ ಗಾಡಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ ಯಾರ ಕಣ್ಣಿಗೂ ಬೀಳದ ಈ ಜಾಗದಲ್ಲಿದೆ.

ಹಳೆಯ ಕೋನ್‌ಸೆಟ್ಟಿನಲ್ಲಿ ಮೇಲೊಂದು ಕೆಳಗೊಂದು ಬಟ್ಟಲು, ಒಂದೊಂದರಲ್ಲಿ ಹತ್ತಿಪ್ಪತ್ತು ಬಿಡಿ ಗುಂಡು. ಗಾಡಿ ಬಹುಪಾಲು ಸಮಯ ನೇರವೇ ಓಡೋದರಿಂದ ಗುಂಡುಗಳು ಬಟ್ಟಲಿನ ಅದೇ ಜಾಗದಲ್ಲಿ ಕೂತು ಪ್ರತಿ ತಗ್ಗಿನ ಪೆಟ್ಟನ್ನೂ ಅಲ್ಲೇ ಕೊಡ್ತವೆ. ಗುಂಡು ಬಟ್ಟಲನ್ನು ಮುಟ್ಟೋದು ಚುಕ್ಕಿಯಷ್ಟು ಜಾಗದಲ್ಲಿ, ಹಾಗಾಗಿ ಅಲ್ಲಿ ಸಣ್ಣ ಕುಳಿ ಬೀಳುತ್ತೆ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಲ್ಲಿ ತಿರುಗಿಸಿ ನೋಡಿ. ನಟ್ಟನಡುವೆ "ಖಟ್" ಅಂತ ಹಿಡಿದರೆ ಕುಳಿ ಬಿದ್ದಿದೆ ಅಂತಲೇ ಅರ್ಥ. ಆ ಕುಳಿ ಎಷ್ಟು ಕೆಟ್ಟದ್ದು ಅಂದರೆ, ಟ್ರೇಲ್ ಗಾಲಿಯನ್ನು ಒಂದಿಷ್ಟೇ ತಿದ್ದಿಕೊಳ್ಳೋಕೆ ಬಿಡೋದಿಲ್ಲ. ಸವಾರ ಒಮ್ಮೆ ಇತ್ತ ಒಮ್ಮೆ ಅತ್ತ ತಿದ್ದುತ್ತಾ ಹೋಗ್ತಾನೆ, ಗಾಡಿ ಹಾವಿನ ಹಾಗೆ ನಡೆಯುತ್ತೆ.

ನಟ್ಟು ಬಿಗಿ ಮಾಡಿದರೆ ಸರಿಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಬಿಗಿ ಮಾಡಿದರೆ ಕುಳಿ ಇನ್ನೂ ಆಳವಾಗುತ್ತೆ. ಹೊಸ ಗುಂಡು ಮಾತ್ರ ಹಾಕಿದರೂ ಅಷ್ಟೇ, ಹಳೇ ಕುಳಿಗೆ ಹೊಸ ಗುಂಡು ಬೀಳುತ್ತೆ. ಬಟ್ಟಲೂ ಬದಲಾಗಬೇಕು.

ಬುಲೆಟ್ಟಿಗೆ, ಇನ್ನು ಕೆಲವು ಗಾಡಿಗಳಿಗೆ ಕೂಡುವ ಅಳತೆಯ ಟೇಪರ್ ರೋಲರ್ ಸೆಟ್ ಈಗ ಪೇಟೆಯಲ್ಲಿ ಸಿಗುತ್ತೆ. ಗುಂಡಿನ ಬದಲು ಓರೆಯಾದ ಚಿಕ್ಕ ಉರುಳೆ. ಅದು ಮುಟ್ಟೋದು ಚುಕ್ಕಿಯಲ್ಲಲ್ಲ, ಗೆರೆಯುದ್ದಕ್ಕೂ. ಅದೇ ಪೆಟ್ಟು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತೆ, ಕುಳಿ ಬೇಗ ಬೀಳೋದಿಲ್ಲ. ಹೊರಗಿನಿಂದ ನೋಡಿದರೆ ಗಾಡಿ ಮೊದಲಿನ ಹಾಗೇ ಇರುತ್ತೆ, ಬೇಡವಾದರೆ ಹಳೆಯದನ್ನು ಮತ್ತೆ ಹಾಕಬಹುದು. ಮೂರು ಎಚ್ಚರಿಕೆ ಹೇಳ್ತೇನೆ. ಬಟ್ಟಲನ್ನು ಸುತ್ತಿಗೆಯಿಂದ ಒಂದು ಬದಿ ಹೊಡೆದು ಕೂರಿಸಬಾರದು. ಉದ್ದ ಬೋಲ್ಟು, ಎರಡು ದಪ್ಪ ವಾಶರ್ ಹಾಕಿ ನಿಧಾನ ಎಳೆದು ಕೂರಿಸಬೇಕು. ಹೊಸ ಸೆಟ್ಟಿನ ಒಟ್ಟು ಎತ್ತರ ಹಳೆಯದಕ್ಕೆ ಸಮ ಇದೆಯೇ ಅಂತ ಮೊದಲೇ ಅಳೀಬೇಕು, ಇಲ್ಲದಿದ್ದರೆ ಮೇಲಿನ ಟೀ ಸರಿ ಕೂರೋದಿಲ್ಲ. ಬಿಗಿ ಎಷ್ಟಿರಬೇಕು ಅಂದರೆ, ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಎಳೆದರೆ ಸಡಿಲು ಸಿಗಬಾರದು, ಆದರೆ ನಡುವಿನಿಂದ ಒಂದಿಷ್ಟು ದೂಡಿದರೆ ಹ್ಯಾಂಡಲ್ ತನ್ನ ಭಾರಕ್ಕೇ ಬದಿಗೆ ಬೀಳಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು, ಆಗ ಅದು ಕೂತಿರುತ್ತೆ. ಎರಡನೇ ಸಲ ಗ್ಯಾರೇಜಿಗೆ ಬರೋರು ಕಡಿಮೆ ಅನ್ನೋದು ಉದಗೀರದ ಒಬ್ಬ ಹಿರಿಯ ಮಿಸ್ತ್ರಿಯ ದೂರು. "ಗ್ರೀಸ್ ತುಂಬಿ ಕೊಡ್ತೀನಿ, ಮುಂದಿನ ದೀಪಾವಳಿಗೇ ಬರ್ತಾರ" ಅಂತ ನಕ್ಕರು.

ಫೋರ್ಕಿನ ಒಳಗೆ

ಫೋರ್ಕಿನ ಕಾಲು ಎರಡು ಕೆಲಸ ಮಾಡುತ್ತೆ. ಸ್ಪ್ರಿಂಗ್ ಭಾರ ಹೊರುತ್ತೆ, ಎಣ್ಣೆ ಕುಲುಕಾಟ ನಿಲ್ಲಿಸುತ್ತೆ. ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಬೇಕು, ಆ ತಡೆಯೇ ಡ್ಯಾಂಪಿಂಗ್. ತೂತಿನ ಮೂಲಕ ನುಗ್ಗುವ ಎಣ್ಣೆಯ ತಡೆ ವೇಗದ ವರ್ಗದ ಹಾಗೆ ಏರುತ್ತೆ. ಆದ್ದರಿಂದಲೇ ಈ ಹಳೆಯ ಫೋರ್ಕುಗಳು ನಿಧಾನದ ಅಲೆಗೆ ತೀರ ಮೆತ್ತಗೆ, ಹಠಾತ್ ಬರುವ ಗುಂಡಿಗೆ ಕಲ್ಲಿನ ಹಾಗೆ. ಇದು ವಿನ್ಯಾಸದ ಮಿತಿ, ದುರಸ್ತಿಯಿಂದ ಪೂರ್ತಿ ಹೋಗೋದಿಲ್ಲ.

ಆದರೆ ಹೆಚ್ಚಿನ ಗಾಡಿಗಳಲ್ಲಿ ಆ ಮಿತಿಯವರೆಗೂ ಹೋಗಿರೋದಿಲ್ಲ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನೇ ಶಾಕಪ್ಪಿಗೆ ಹಾಕೋದು ನಮ್ಮ ಕಡೆ ಬಳಕೆ. ಅದರಲ್ಲಿರುವ ಲೋಹದ ಪುಡಿ ಬುಶ್ಶನ್ನು ತಿನ್ನುತ್ತೆ. ಎರಡು ಕಾಲಿಗೆ ಬೇರೆ ಬೇರೆ ಅಳತೆ ಬಿದ್ದಿರುತ್ತೆ, ಆಗ ಒಂದು ಕಾಲು ಬೇಗ ಏಳುತ್ತೆ, ಇನ್ನೊಂದು ತಡವಾಗಿ. ಮೇಲೆ ನಮ್ಮ ಎರೆ ಮಣ್ಣಿನ ಧೂಳು. ಅದು ಮರಳಿನ ಹಾಗೆ ಉದುರಿ ಹೋಗೋದಲ್ಲ, ಎಣ್ಣೆಗೆ ಅಂಟಿ ಪೈಪಿನ ಮೇಲೆ ಹಿಟ್ಟಿನ ಹಾಗೆ ಕೂತು ಆಯಿಲ್ ಸೀಲನ್ನು ಕೊರೆಯುತ್ತೆ. ಸೀಲ್ ಹೋದ ಮೇಲೆ ಎಣ್ಣೆ ಸೋರುತ್ತೆ, ಸೋರಿದ್ದು ಮುಂದಿನ ಡ್ರಮ್ಮಿಗೆ ಇಳಿದರೆ ಬ್ರೇಕೂ ಹೋಯಿತು. ಫೋರ್ಕಿಗೆ ರಬ್ಬರಿನ ಬೂಟು ಹಾಕೋದು ಅಂದಕ್ಕಲ್ಲ, ಈ ಕಾರಣಕ್ಕೆ. ನಮ್ಮ ರಸ್ತೆಗೆ ಅದು ಬಹಳ ಒಳ್ಳೆಯ ಖರ್ಚು.

ಪೈಪ್ ನೆಟ್ಟಗಿದೆಯೇ ಅಂತ ನೋಡೋಕೆ ದೊಡ್ಡ ಯಂತ್ರ ಬೇಡ. ದಪ್ಪ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಬಂದು ಹೋಗುತ್ತಿದ್ದರೆ ಬಾಗಿದೆ. ಬಾಗಿದ ಪೈಪಿಗೆ ಯಾವ ಎಣ್ಣೆ ಹಾಕಿದರೂ ಶಾಕಪ್ ಸಿಕ್ಕಿಕೊಳ್ಳುತ್ತೆ.

ಸ್ಪ್ರಿಂಗಿನ ವಿಷಯದಲ್ಲಿ ಒಂದು ಗೊಂದಲ ಎಲ್ಲ ಕಡೆ ಇದೆ, ನಮ್ಮ ತರಗತಿಯಲ್ಲೂ ಇದೆ. "ಶಾಕಪ್ ಕುಂತಾವ" ಅಂದಾಗ ಮಿಸ್ತ್ರಿ ಸ್ಪ್ರಿಂಗಿನ ಮೇಲೆ ಒಂದು ತುಂಡು ಪೈಪ್ ಇಟ್ಟು ಮುಚ್ಚುತ್ತಾರೆ. ಗಾಡಿ ಎತ್ತರಕ್ಕೆ ನಿಲ್ಲುತ್ತೆ, ಸ್ಪ್ರಿಂಗ್ ಗಟ್ಟಿಯಾಯಿತು ಅಂತ ಅನಿಸುತ್ತೆ. ಆಗಿರೋದಿಲ್ಲ. ಶುರುವಿನ ಒತ್ತು ಮಾತ್ರ ಹೆಚ್ಚಿದೆ. ಒಂದು ಮಿಲಿಮೀಟರ್ ಒತ್ತೋಕೆ ಎಷ್ಟು ಬಲ ಬೇಕು ಅನ್ನೋದು ಮೊದಲಿನಷ್ಟೇ ಇರುತ್ತೆ. ನಿಜವಾಗಿ ಗಟ್ಟಿಯಾಗೋದು ಸುರುಳಿ ಕಡಿಮೆ ಮಾಡಿದಾಗ. ನಾಲ್ಕರಲ್ಲಿ ಒಂದು ಭಾಗದಷ್ಟು ಸುರುಳಿ ಕತ್ತರಿಸಿ, ಆ ಉದ್ದಕ್ಕೆ ಪೈಪ್ ತುಂಡು ಇಟ್ಟರೆ ಸ್ಪ್ರಿಂಗ್ ಮೂರರಲ್ಲೊಂದು ಪಾಲು ಗಟ್ಟಿಯಾಗುತ್ತೆ. ಯಾವಾಗಲೂ ಭಾರ ಹೊರುವ ಗಾಡಿಗೆ ಇದು ಅಗ್ಗದ, ಸರಿಯಾದ ಉಪಾಯ, ಆದರೆ ಪೂರ್ತಿ ಒತ್ತಿದಾಗ ಸುರುಳಿಗೆ ಸುರುಳಿ ತಾಗಿ ನಿಲ್ಲುವ ಹಾಗೆ ಕತ್ತರಿಸಬಾರದು. ಸರಿಯಾಗಿದೆಯೇ ಅಂತ ನೋಡೋ ಕ್ರಮ ಇಷ್ಟೇ: ಮುಂದಿನ ಗಾಲಿ ಎತ್ತಿದಾಗ ಪೈಪ್ ಎಷ್ಟು ಹೊರಗಿದೆ ಅಳೀರಿ, ಸವಾರ ಕೂತ ಮೇಲೆ ಮತ್ತೆ ಅಳೀರಿ. ವ್ಯತ್ಯಾಸ ಒಟ್ಟು ಚಲನೆಯ ಕಾಲು ಭಾಗದಿಂದ ಮೂರರಲ್ಲೊಂದು ಭಾಗದೊಳಗಿರಬೇಕು. ಒಟ್ಟು 130 ಮಿ.ಮೀ. ಇದ್ದರೆ 32ರಿಂದ 43.

ಬೇರೆ ಗಾಡಿಯ ಫೋರ್ಕ್

ಈಗ ಆ 98ಕ್ಕೆ ಬರೋಣ. ಹೆದ್ದಾರಿಯ ಊರು ಉಮರ್ಗಾದಲ್ಲಿ ಗುಜರಿ ಗಾಡಿಯ ಬಿಡಿಭಾಗ ಸಲೀಸಾಗಿ ಸಿಗ್ತವೆ. ಯಾವುದೋ ಹೊಸ ಗಾಡಿಯ ಡಿಸ್ಕ್ ಸಮೇತ ಮುಂಭಾಗ, ಟೀ ಸಹಿತ, ಹಳೆಯ ಬುಲೆಟ್ಟಿಗೆ ಕೂರಿಸಿದ್ದನ್ನು ಅಲ್ಲಿ ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಕೋನ್‌ಸೆಟ್ಟಿಗೆ ಲೇತಿನಲ್ಲಿ ಬುಶ್ ತಿರುಗಿಸಿ ಹೊಂದಿಸಿದ್ದರು. ಮಾಲೀಕರು ಹೇಳಿದ್ದು: "ಊರಾಗ ಛಲೋ ಹೋಗ್ತದ. ಹೈವೇಕ್ ಅರವತ್ತರ ಮ್ಯಾಲೆ ಹೋದ್ರ ಕೈ ಬಿಡಾಕ ಆಗಂಗಿಲ್ಲ."

ಕಾರಣ ಲೆಕ್ಕದಲ್ಲಿದೆ. 19 ಇಂಚಿನ ಜಾಗಕ್ಕೆ 90/90-18 ಗಾಲಿ ಬಂದರೆ ತ್ರಿಜ್ಯ 310ಕ್ಕೆ ಇಳಿಯುತ್ತೆ. ಹೊಸ ಫೋರ್ಕ್ ಮುಂಭಾಗವನ್ನು 30 ಮಿ.ಮೀ. ತಗ್ಗಿಸಿದೆ ಅನ್ನಿ, ಚಿಕ್ಕ ಗಾಲಿಯದು ಮತ್ತೆ 14. ಒಟ್ಟು 44 ಮಿ.ಮೀ. ಇಳಿದರೆ 1,370ರ ಅಂತರದಲ್ಲಿ ಇಡೀ ಗಾಡಿ ಸುಮಾರು 1.8 ಡಿಗ್ರಿ ಮುಂದಕ್ಕೆ ಬಾಗುತ್ತೆ, ರೇಕ್ 27ರಿಂದ 25.2ಕ್ಕೆ ಬರುತ್ತೆ. ಆಫ್‌ಸೆಟ್ ಅದೇ 60 ಇದ್ದರೂ ಟ್ರೇಲ್ 79. ಐದರಲ್ಲಿ ಒಂದು ಪಾಲು ಹೋಯಿತು. ಊರಲ್ಲಿ ಹಗುರವಾಗಿ ತಿರುಗುತ್ತೆ, ಎಲ್ಲರೂ ಮೆಚ್ಚುತ್ತಾರೆ. ವೇಗದಲ್ಲಿ ಸ್ಥಿರತೆ ಇರೋದಿಲ್ಲ. ಇದಕ್ಕೆ ತದ್ವಿರುದ್ಧವೂ ಆಗಬಹುದು: ಹೊಸ ಟೀಯ ಆಫ್‌ಸೆಟ್ 40 ಇದ್ದು ಉದ್ದ, ಗಾಲಿ ಹಳೆಯವೇ ಆಗಿದ್ದರೆ ಟ್ರೇಲ್ 120. ಆಗ ಗಾಡಿ ನೆಟ್ಟಗೇ ಹೋಗ್ತದೆ, ಸಂತೆಯ ಗದ್ದಲದಲ್ಲಿ ತಿರುಗಿಸೋಕೆ ತೋಳು ಸೋಲುತ್ತೆ.

ಆದ್ದರಿಂದ ನಾನು ಗ್ಯಾರೇಜುಗಳಲ್ಲಿ ಕೇಳಿಕೊಂಡಿದ್ದು ಒಂದೇ: ಹಳೆಯ ಫೋರ್ಕ್ ಬಿಚ್ಚುವ ಮುಂಚೆ ಅಳತೆ ಬರೆದಿಡಿ. ಗೌಂಡಿಯ ತೂಕದ ಗುಂಡು, ನೇರವಾದ ಕೋಲು, ಮೊಬೈಲಿನ ಕೋನ ಅಳೆಯುವ ಸವಲತ್ತು ಸಾಕು. ಹೊಸದು ಹಾಕಿದ ಮೇಲೆ ಮತ್ತೆ ಅಳೆದು, ಹಳೆಯದಕ್ಕಿಂತ ಹತ್ತು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪೈಪನ್ನು ಟೀಯಲ್ಲಿ ಮೇಲೆ ಕೆಳಗೆ ಸರಿಸಿ ಹೊಂದಿಸಿ, ಹೊಂದದಿದ್ದರೆ ಆ ಫೋರ್ಕ್ ಬೇಡ. ಈ ಹತ್ತು ನನ್ನ ಅಂದಾಜಿನ ಮಿತಿ, ಚರ್ಚೆಗೆ ತೆರೆದಿದೆ.

ಡಿಸ್ಕಿನ ಬಗ್ಗೆ ಚಿಕ್ಕದಾಗಿ. ಸವಾರ ಸೇರಿ 250 ಕೆ.ಜಿ. ಇರುವ ಗಾಡಿ, ಭಾರದ ನಡುಬಿಂದು ನೆಲದಿಂದ 60 ಸೆಂ.ಮೀ. ಗುರುತ್ವದ 0.6ರಷ್ಟು ಜೋರಾಗಿ ಬ್ರೇಕ್ ಹಿಡಿದರೆ ಸುಮಾರು 65 ಕೆ.ಜಿ. ಹಿಂದಿನಿಂದ ಮುಂದಕ್ಕೆ ಬಂದು ಬೀಳುತ್ತೆ. ಮೆತ್ತನೆಯ ಸ್ಪ್ರಿಂಗ್ ಪೂರ್ತಿ ಕುಸಿಯುತ್ತೆ, ಆ ಕ್ಷಣ ರೇಕ್ ಟ್ರೇಲ್ ಎರಡೂ ಕಡಿಮೆಯಾಗ್ತವೆ. ಒಂದೇ ಬದಿಗೆ ಡಿಸ್ಕ್ ಇದ್ದರೆ ತೆಳು ಎಕ್ಸೆಲ್ಲಿನ ಹಳೆಯ ಕಾಲುಗಳು ತಿರುಚಿಕೊಂಡು ಹ್ಯಾಂಡಲ್ ಒಂದು ಕಡೆ ಎಳೆಯುತ್ತೆ. ಸ್ಪ್ರಿಂಗ್, ಬುಶ್, ಕೋನ್‌ಸೆಟ್ ಸರಿ ಮಾಡದೆ ಡಿಸ್ಕ್ ಹಾಕೋದನ್ನು ನಾನು ಒಪ್ಪೋದಿಲ್ಲ. ಡ್ರಮ್ಮನ್ನು ಲೇತಿನಲ್ಲಿ ದುಂಡಗೆ ಮಾಡಿ, ಲೈನರನ್ನು ಅದಕ್ಕೆ ಪೂರ್ತಿ ತಾಗುವಂತೆ ಉಜ್ಜಿ ಕೂರಿಸಿದರೆ ಹಾಲಿನ ಗಾಡಿಗೆ ಬೇಕಾದಷ್ಟು ಬ್ರೇಕ್ ಸಿಗುತ್ತೆ.

ಕಾಯದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಹೇಳುತ್ತೆ. ಕಾಯದೆ "ಮಾರ್ಪಾಟು" ಅನ್ನೋದನ್ನು ವಾಹನದ ಮೂಲ ಲಕ್ಷಣ ಬದಲಾಗುವ ರಚನೆಯ ಬದಲಾವಣೆ ಅಂತ ವಿವರಿಸುತ್ತೆ. ನನ್ನ ಓದಿನಲ್ಲಿ ಬೇರಿಂಗ್, ಎಣ್ಣೆ, ಸ್ಪ್ರಿಂಗ್ ಇದರೊಳಗೆ ಬರೋದಿಲ್ಲ. ಬೇರೆ ಗಾಡಿಯ ಇಡೀ ಮುಂಭಾಗ ಬರುವ ಸಾಧ್ಯತೆ ಇದೆ. 2021ರ ವಿಂಟೇಜ್ ನಿಯಮ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ. ಹಾಗೆ ನೋಂದಾಯಿಸಿದರೆ ದಿನನಿತ್ಯದ ಬಳಕೆಗೆ ಓಡಿಸುವಂತಿಲ್ಲ. ಹಾಲು ಹಾಕೋ ರೈತನಿಗೆ ಆ ಫಲಕ ಉಪಯೋಗವಿಲ್ಲ.

ಚರ್ಚೆಯಿಂದ ಒಂದು ಪ್ರಶ್ನೆ

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ಇಷ್ಟೆಲ್ಲ ತಲೆನೋವು ತಪ್ಪೋದಿಲ್ಲವೇ?"

ಒಳ್ಳೆಯ ಪ್ರಶ್ನೆ. ಆ ಕಾಲದ ಕೆಲವು ಗಾಡಿಗಳಲ್ಲಿ ಹ್ಯಾಂಡಲಿನ ನಡುವೆ ತಿರುಗಿಸುವ ಗುಬುಟು ಇರುತ್ತಿತ್ತು, ಅದು ಉಜ್ಜಿ ತಡೆಯುವ ಡ್ಯಾಂಪರ್ರೇ. ಹೊಡೆತ ಕಡಿಮೆ ಮಾಡುತ್ತೆ, ನಿಜ. ಆದರೆ ಕುಳಿ ಬಿದ್ದ ಕೋನ್‌ಸೆಟ್ಟಿಗೆ ಡ್ಯಾಂಪರ್ ಹಾಕಿದರೆ ಕುಳಿಯ ಹಿಡಿತಕ್ಕೆ ಇನ್ನೊಂದು ಹಿಡಿತ ಸೇರಿಸಿದಂತೆ, ಹ್ಯಾಂಡಲ್ ಇನ್ನೂ ಬಿಗಿಯಾಗಿ ಗಾಡಿ ಇನ್ನೂ ಓಲಾಡುತ್ತೆ. ನಾನು ಮಿಸ್ತ್ರಿಗಳ ಜೊತೆ ಒಪ್ಪಿಕೊಂಡಿರೋ ಸರದಿ ಹೀಗಿದೆ: ಮೊದಲು ಟೈರ್ ಗಾಳಿ, ಕಡ್ಡಿಗಳ ಬಿಗಿ, ಚಿಮಟಾ ಬುಶ್, ಆಮೇಲೆ ಕೋನ್‌ಸೆಟ್, ಆಮೇಲೆ ಪೈಪ್, ಬುಶ್, ಎಣ್ಣೆ, ಸ್ಪ್ರಿಂಗ್. ಇಷ್ಟು ಮುಗಿದ ಮೇಲೂ ಭಾರ ಹೊತ್ತಾಗ ಹ್ಯಾಂಡಲ್ ಹೊಡ್ಕೊಂಡರೆ ಡ್ಯಾಂಪರ್ ಬಗ್ಗೆ ಮಾತಾಡೋಣ. ನಿಲಂಗಾದಲ್ಲಿ ಇದೇ ಸರದಿಯಲ್ಲಿ ಒಂದು ಯೆಜ್ದಿ ಬಿಚ್ಚಿದ್ದಾರೆ, ಕೋನ್‌ಸೆಟ್ ಹಂತದವರೆಗೆ ಬಂದಿದೆ. ಮುಂದಿನ ತಿಂಗಳು ಅದರ ಮೊದಲಿನ ಮತ್ತು ನಂತರದ ಅಳತೆಗಳನ್ನು ಇಲ್ಲೇ ತೋರಿಸ್ತೇನೆ.